ಹೇಳದೆ ಉಳಿಸಿಕೊಂಡ ಜಾರ್ಜಿಯಾ

ಮುಂಬಯಿ ಮೇಲ್ ಗಾಡಿ ವಾಡಿ ಜಂಕ್ಷನ್ನಿಗೆ ಬಂದಾಗ ಬೆಳಗಿನ ಬಿಸಿಲು ಇನ್ನೂ ಹಿತವಾಗಿತ್ತು. ಸಂಕ್ರಾಂತಿಗೆ ಸ್ವಲ್ಪ ಮುಂಚಿನ ದಿನಗಳು. ನಾನೂ ಜೀಪಿನ ಡ್ರೈವರ್ ಖಾದರನೂ ಪ್ಲಾಟ್‌ಫಾರ್ಮಿನ ಮೇಲೆ ಚಹಾ ಕುಡಿಯುತ್ತ ಕಾಯುತ್ತಿದ್ದೆವು. ಅಮೆರಿಕದ ದಕ್ಷಿಣಕ್ಕಿರುವ ಜಾರ್ಜಿಯಾ ಎಂಬ ರಾಜ್ಯದಿಂದ ಬೇಸಾಯ ಕಲಿಸುವ ಮಾಸ್ತರರೊಬ್ಬರು ಬರುತ್ತಾರೆ, ಐದು ದಿನ ನಮ್ಮ ಕಡೆಯ ಹೊಲಗಳನ್ನು ನೋಡುತ್ತಾರೆ, ಹೋದಲ್ಲೆಲ್ಲ ಜನರಿಗೆ ತಮ್ಮ ರಾಜ್ಯದ ಸಂಗತಿ ಹೇಳುತ್ತಾರೆ ಎಂದು ಸುದ್ದಿ ಬಂದಿತ್ತು. ಅವರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಆಗಿ ಆರು ವರ್ಷ ಕಳೆದಿದ್ದವು. ನಾವು ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದೆವು. ನಾನು ಗುಲ್ಬರ್ಗದಲ್ಲಿ ಮೆಟ್ರಿಕ್ ಮುಗಿಸಿ ಚಿತ್ತಾಪುರದ ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಯಾವ ಗದ್ದಲವೂ ಇಲ್ಲದೆ ಈ ಪ್ರವಾಸ ಮುಗಿದರೆ ಕೆಲಸ ಕಾಯಂ ಮಾಡುವ ಮಾತನ್ನು ಮೇಲಿನವರು ಆಡಿದ್ದರು.

ಈ ಪ್ರವಾಸದ ಕಥೆಯನ್ನು ಹಿಂದೆ ಹಲವರಿಗೆ ಹೇಳಿದ್ದೇನೆ. ಪ್ರತಿ ಸಲವೂ ನನಗೆ ಬೇಕಾದಂತೆ ಹೇಳಿದ್ದೇನೆ. ಈಗ ವಯಸ್ಸಾಗಿದೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಗಾಡಿಯಿಂದ ಇಳಿದವರು ಎತ್ತರದ ಆಳು, ಐವತ್ತರ ಆಸುಪಾಸು. ಬೂದು ಬಣ್ಣದ ಸೂಟು, ಕೈಯಲ್ಲಿ ಸುತ್ತಿದ ಬಟ್ಟೆಯ ನಕ್ಷೆ. ಅಮೆರಿಕದವರೆಂದರೆ ಕೆಂಪು ಮುಖದವರೆಂದು ತಿಳಿದಿದ್ದ ನಾನು ಅವರ ಹಿಂದೆ ಇನ್ನಾರಾದರೂ ಇಳಿಯಬಹುದೆಂದು ನೋಡುತ್ತ ನಿಂತೆ. ಅವರೇ ಬಂದು ಕೈ ಕುಲುಕಿ, "ಕೋಲ್ಮನ್" ಎಂದರು. ನಮ್ಮ ಕರೀ ನೆಲದ ಹೊಲಗಳಲ್ಲಿ ದುಡಿಯುವವರಿಗಿಂತ ಅವರ ಬಣ್ಣ ಕಪ್ಪಾಗಿತ್ತು.

ಖಾದರ್ ನನ್ನ ಕಿವಿಯಲ್ಲಿ, "ಮುನ್ಶೀಜಿ, ಅಮೆರಿಕಾ ಅಂದಿದ್ರಲ್ಲ? ಇವರು ನಿಜಾಮ್ ಸರ್ಕಾರದ ಹಬ್ಶಿ ಸಿಪಾಯಿಗಳ ಹಂಗ ಅದಾರ!" ಎಂದ. ಆಫ್ರಿಕದ ಮೂಲದ ಆ ಸಿಪಾಯಿಗಳನ್ನು ಅವನು ಹೈದರಾಬಾದಿನಲ್ಲಿ ನೋಡಿದ್ದ.

"ಸುಮ್ನಿರು, ಸಾಮಾನು ತಗೋ" ಎಂದೆ.

ಮೊದಲ ದಿನ ಶಹಾಬಾದ್. ವಾಡಿಯಿಂದ ಏಳೆಂಟು ಮೈಲಿಯ ದಾರಿ. ಸಿಮೆಂಟ್ ಕಾರ್ಖಾನೆಯ ಧೂಳು ಗಿಡಗಳ ಎಲೆ ಎಲೆಗೂ ಹತ್ತಿರುತ್ತದೆ. ದೂರದಿಂದ ನೋಡಿದರೆ ಊರಿಗೆ ಊರೇ ವಿಭೂತಿ ಬಳಿದುಕೊಂಡಂತೆ. ಕೋಲ್ಮನ್ನರು ಮೊದಲು ಕಲ್ಲಿನ ಗಣಿ ನೋಡಬೇಕೆಂದರು. ಅವರ ರಾಜ್ಯದ ಉತ್ತರಕ್ಕೆ ಬೆಟ್ಟಗಳ ಸಾಲು ಇದೆಯಂತೆ, ಅಲ್ಲಿ ಅಮೃತಶಿಲೆ ಸಿಗುತ್ತದಂತೆ. ಗಣಿಯಲ್ಲಿ ಹಾರೆ ಹಿಡಿದಿದ್ದ ಮುದುಕನೊಬ್ಬ ಕೇಳಿದ:

"ಅವರ ಕಡಿ ಕಲ್ಲು ನಮ್ಮಂಗ ಪದರ ಪದರ ಏಳ್ತದೇನ್ರಿ?"

ಇಲ್ಲ, ಗಟ್ಟಿ ದಿಮ್ಮಿಯಾಗಿ ಕೊಯ್ದು ತೆಗೆಯುತ್ತಾರೆ ಎಂದು ಕೋಲ್ಮನ್ ಹೇಳಿದರು.

"ಹಂಗಾದ್ರ ನಮ್ಮ ಕಲ್ಲೇ ಛಲೋ ಬಿಡ್ರಿ. ಹಾರಿ ತುದಿ ತೋರಿಸಿದ್ರ ಸಾಕು, ಹಾಸಿಗ್ಯಾಗಿಂದ ಎದ್ದು ಬಂದಂಗ ಬರ್ತದ."

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಕೋಲ್ಮನ್ ಜೋರಾಗಿ ನಕ್ಕರು. ಆ ದಿನ ನಾನು ಎಲ್ಲವನ್ನೂ ಸರಿಯಾಗಿ ಹೇಳಿದೆ, ಮಧ್ಯಾಹ್ನದ ಊಟದವರೆಗೆ.

ಊಟ ಕಲ್ಲಿನ ವ್ಯಾಪಾರಿಯೊಬ್ಬರ ಮನೆಯಲ್ಲಿ. ನಮ್ಮವರೇ, ಲಿಂಗವಂತರು. ಕಾಲಿಗೆ ನೀರು ಕೊಟ್ಟರು, ಪಡಸಾಲೆಯಲ್ಲಿ ಮಣೆ ಹಾಕಿದರು. ಆಮೇಲೆ ಯಜಮಾನರು ನನ್ನನ್ನು ಕಂಬದ ಮರೆಗೆ ಕರೆದು, "ತಮ್ಮಾ, ಇವರದು ಯಾವ ಮಂದಿ?" ಎಂದು ಕೇಳಿದರು. ನಮ್ಮ ಕಡೆ ಈ ಪ್ರಶ್ನೆ ಕೇಳದೆ ಯಾರೂ ಯಾರಿಗೂ ಬಡಿಸುತ್ತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಕುಲ ಕೇಳಬಾರದೆಂದು ಅವರ ಮನೆಯಲ್ಲೂ ಹೇಳಿಕೊಟ್ಟಿದ್ದರು, ನಮ್ಮ ಮನೆಯಲ್ಲೂ ಹೇಳಿಕೊಟ್ಟಿದ್ದರು. ಅವರು ಕೇಳಿದರು. ನಾನು ಉತ್ತರ ಕೊಟ್ಟೆ.

"ದೊಡ್ಡ ಮನೆತನ್ರಿ. ಅಜ್ಜ ಮುತ್ತಜ್ಜನ ಕಾಲದಿಂದ ಹತ್ತಿ ಜಮೀನ್ದಾರರು."

ಯಜಮಾನರ ಮುಖ ಅರಳಿತು. "ಹೌದೇನು? ಬರ್ರಿ, ಕುಂದ್ರಿ, ಕುಂದ್ರಿ!" ಎಂದು ಕೋಲ್ಮನ್ನರ ಕೈಹಿಡಿದು ಕೂರಿಸಿದರು. ನನ್ನನ್ನೂ ಅವರ ಪಕ್ಕದಲ್ಲೇ ಕೂರಿಸಿದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ. ಪುಂಡಿ ಪಲ್ಯವನ್ನು ಬಾಯಿಗಿಟ್ಟ ಕೋಲ್ಮನ್ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ತಮ್ಮ ತಾಯಿಯೂ ಸೊಪ್ಪನ್ನು ಹೀಗೆಯೇ ಮೆತ್ತಗೆ ಕುದಿಸಿ, ಮೆಕ್ಕೆಜೋಳದ ರೊಟ್ಟಿಯ ಜೊತೆ ಕೊಡುತ್ತಿದ್ದಳೆಂದರು.

ಎರಡನೆಯ ದಿನ ಚಿತ್ತಾಪುರ. ಅಲ್ಲಿ ಕೋರ್ಟಿನ ಕೆಲಸಕ್ಕೆ ಬಂದವರು, ಸಂತೆಗೆ ಬಂದವರು ಸೇರಿ ಒಳ್ಳೆಯ ಸಭೆಯೇ ಆಯಿತು. ಖಾದರ್ ನಕ್ಷೆಯನ್ನು ಜೀಪಿನ ಪಕ್ಕಕ್ಕೆ ಕಟ್ಟಿದ. ಕೋಲ್ಮನ್ ಒಂದು ಕೋಲು ಹಿಡಿದು ತೋರಿಸಿದರು: ಮೇಲೆ ಬೆಟ್ಟ, ನಡುವೆ ಕೆಂಪು ಮಣ್ಣಿನ ಏರುತಗ್ಗು, ಕೆಳಗೆ ಬಯಲು, ಮೂಡಣಕ್ಕೆ ಸಮುದ್ರ. ಎರಡು ದೊಡ್ಡ ನದಿಗಳು ಆಚೆ ಈಚೆಯ ಗಡಿಯಾಗಿ ಹರಿಯುತ್ತವೆ. ತೆಂಕಣ ತುದಿಯಲ್ಲಿ ಜೌಗು ಕಾಡು, ಅದರ ನೀರು ಚಹಾದಷ್ಟು ಕಪ್ಪು, ಮೊಸಳೆಗಳಿವೆ. ಹಿಂದೆ ರಾಜ್ಯವೆಲ್ಲ ಹತ್ತಿ ಬೆಳೆಯುತ್ತಿತ್ತು. ಕಾಯಿಗೆ ಒಂದು ಹುಳು ಬಿದ್ದು ಹೊಲಗಳು ಹಾಳಾದವು. ಆಮೇಲೆ ಜನ ಶೇಂಗಾ ಹಾಕಲು ಕಲಿತರು.

"ಶೇಂಗಾ ಅಲ್ಲಿಯೂ ಅದೇನ್ರಿ?" ಎಂದು ದಂಡೋತಿ ಕಡೆಯ ರೈತನೊಬ್ಬ ಎದ್ದು ನಿಂತ. "ಹಿಂಡಿ ಕುಟ್ತಾರೇನು?"

ನುಣ್ಣಗೆ ಅರೆದು ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರೆ ಎಂದು ಹೇಳಿದೆ.

"ಖಾರ ಇಲ್ಲದ?"

"ಖಾರ ಇಲ್ಲ. ಸ್ವಲ್ಪ ಸಿಹಿ."

ಅವನು ಸುತ್ತ ಕುಳಿತವರ ಕಡೆ ತಿರುಗಿ, "ಪಾಪ," ಎಂದ. ಸಭೆಯೆಲ್ಲ ನಕ್ಕಿತು.

ಅಂದಿನ ಊಟದ ಮನೆಯಲ್ಲೂ ಮೊದಲಿನ ಪ್ರಶ್ನೆಯೇ ಬಂತು. ಈ ಸಲ ನನ್ನ ಬಾಯಲ್ಲಿ ಜಮೀನು ಇನ್ನಷ್ಟು ಬೆಳೆಯಿತು. ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯೂ ಸೇರಿತು. ಕೋಲ್ಮನ್ ಪಕ್ಕದಲ್ಲಿ ನಿಂತು, ತಮ್ಮ ವಿಷಯವೇ ಮಾತಾಡುತ್ತಿದ್ದಾರೆಂದು ತಿಳಿದು ನಗುತ್ತಿದ್ದರು.

ಮೂರನೆಯ ದಿನ ಸೇಡಮ್. ಇಪ್ಪತ್ತು ಮೈಲಿಗೆ ಹೆಚ್ಚಿನ ದಾರಿ, ಎರಡೂ ಕಡೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು, ತೊಗರಿ ಕೊಯ್ಲಿಗೆ ಬಂದಿತ್ತು. ನಡುವೆ ಮಳಖೇಡದಲ್ಲಿ ಇಳಿದೆವು. ಕಾಗಿಣಾ ನದಿಯ ದಂಡೆಯಲ್ಲಿ ಕೋಟೆಯ ಗೋಡೆಗಳ ಮೇಲೆ ಆಡುಗಳು ಮೇಯುತ್ತಿದ್ದವು. ಇಲ್ಲಿಂದ ರಾಷ್ಟ್ರಕೂಟರು ದೊಡ್ಡ ರಾಜ್ಯ ಆಳುತ್ತಿದ್ದರೆಂದು ಹೇಳಿದೆ. ಕೋಲ್ಮನ್ ಗೋಡೆಯ ಮೇಲೆ ಕೈಯಿಟ್ಟು, "ಈ ಕಲ್ಲುಗಳನ್ನು ಹೊತ್ತವರ ಹೆಸರು ಎಲ್ಲಾದರೂ ಇದೆಯೇ?" ಎಂದು ಕೇಳಿದರು. ನನಗೆ ಪ್ರಶ್ನೆ ವಿಚಿತ್ರವೆನಿಸಿತು. ಇಲ್ಲ ಎಂದೆ.

ಸೇಡಮ್ಮಿನ ಧಾನ್ಯದ ಅಡತಿ ಅಂಗಡಿಯ ಎದುರು ಅವರು ತಮ್ಮ ರಾಜ್ಯದ ಇತಿಹಾಸ ಹೇಳಿದರು. ಇಂಗ್ಲೆಂಡಿನ ಜಾರ್ಜ್ ಎಂಬ ದೊರೆಯ ಹೆಸರನ್ನೇ ರಾಜ್ಯಕ್ಕೆ ಇಟ್ಟರು. ಮೊದಲಿನಿಂದ ಅಲ್ಲಿದ್ದ ಬುಡಕಟ್ಟಿನವರನ್ನು ಪಡುವಣಕ್ಕೆ ಓಡಿಸಿದರು. ದಾರಿಯಲ್ಲೇ ಬಹಳ ಮಂದಿ ಸತ್ತರು. ಆಫ್ರಿಕದಿಂದ ಜನರನ್ನು ಹಡಗಿನಲ್ಲಿ ತಂದು ಹತ್ತಿ ಹೊಲಗಳಲ್ಲಿ ಗುಲಾಮರಾಗಿ ದುಡಿಸಿದರು. ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕು ಬೇಕೆಂದು ದಕ್ಷಿಣದ ರಾಜ್ಯಗಳು ದೇಶದಿಂದ ಒಡೆದು ಹೋದವು, ಯುದ್ಧವಾಯಿತು, ಈಗ ರಾಜಧಾನಿಯಾಗಿರುವ ಅಟ್ಲಾಂಟಾ ನಗರ ಸುಟ್ಟು ಹೋಯಿತು, ದಕ್ಷಿಣ ಸೋತಿತು, ಗುಲಾಮರು ಬಿಡುಗಡೆಯಾದರು.

ಇದೆಲ್ಲವನ್ನೂ ಕೇಳಿ ನಾನು ಕನ್ನಡದಲ್ಲಿ ಹೇಳಿದ್ದು ಇಷ್ಟು: "ದೊರೆಯ ಹೆಸರಿನ ರಾಜ್ಯ. ಒಮ್ಮೆ ಯುದ್ಧ ಆಯಿತು. ರಾಜಧಾನಿ ಸುಟ್ಟಿತು. ಮತ್ತೆ ಕಟ್ಟಿದರು."

ಅಡತಿಯವರು, "ನಮ್ಮ ಪೊಲೀಸ್ ಆಕ್ಷನ್ ಹಂಗ ಅನ್ರಿ," ಎಂದರು. ಎಲ್ಲರೂ ತಲೆಯಾಡಿಸಿದರು. ಖಾದರ್ ಮಾತ್ರ ಟೈರಿಗೆ ಗಾಳಿ ನೋಡುವವನಂತೆ ಬಗ್ಗಿದ. ಪೊಲೀಸ್ ಆಕ್ಷನ್ನಿನ ವರ್ಷ ಮನೆಯಿಂದ ಹೋದ ಅವನ ಅಣ್ಣ ಮರಳಿರಲಿಲ್ಲ.

ಮತ್ತೆ ಜೀಪು ಹೊರಟಾಗ ಅವನು ಕನ್ನಡದಲ್ಲಿ ಕೇಳಿದ: "ಮುನ್ಶೀಜಿ, ಒಂದು ಮಾತು. ಸಾಹೇಬರು ಮಾರುದ್ದ ಹೇಳ್ತಾರ, ನೀವು ಗೇಣುದ್ದ ಹೇಳ್ತೀರಿ. ಉಳಿದದ್ದು ಎಲ್ಲಿ ಇಡ್ತೀರಿ?"

"ಇಂಗ್ಲಿಷಿನ್ಯಾಗ ಮಾತು ಉದ್ದ ಇರ್ತಾವ. ನಿನಗೇನು ತಿಳೀತದ?"

"ನನಗೇನು ತಿಳೀತದ," ಎಂದು ಅವನು ಗೇರು ಬದಲಾಯಿಸಿದ.

ನಾಲ್ಕನೆಯ ದಿನ ಚಿಂಚೋಳಿ. ಸೇಡಮ್ಮಿನಿಂದ ಸುಮಾರು ಮೂವತ್ತು ಮೈಲಿ. ನೆಲ ಮೆಲ್ಲಗೆ ಕೆಂಪಾಗುತ್ತದೆ, ಗುಡ್ಡ ಕಾಡು ಕಾಣುತ್ತವೆ. ಕೋಲ್ಮನ್ ಜೀಪು ನಿಲ್ಲಿಸಿ ಒಂದು ಹಿಡಿ ಕೆಂಪು ಮಣ್ಣು ತೆಗೆದುಕೊಂಡು ಮೂಸಿದರು. "ಮನೆ," ಎಂದರು. ಮುಲ್ಲಾಮಾರಿ ಹೊಳೆಯ ನೀರು ಚಳಿಗಾಲಕ್ಕೆ ತೆಳ್ಳಗೆ ಹರಿಯುತ್ತಿತ್ತು. ಊರಲ್ಲಿ ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಆ ಸಂಜೆ ಮಠದ ಕಟ್ಟೆಯ ಮೇಲೆ ಅವರು ಸರ್ಕಾರದ ವಿಷಯ ಹೇಳಿದರು. ಗವರ್ನರರನ್ನು ಜನರೇ ಆರಿಸುತ್ತಾರೆ. ಎರಡು ಸಭೆಗಳು ಕೂಡಿ ಕಾಯಿದೆ ಮಾಡುತ್ತವೆ. ರಾಜ್ಯವನ್ನು ನೂರೈವತ್ತಕ್ಕೂ ಹೆಚ್ಚು ತಾಲೂಕಿನಂಥ ಭಾಗಗಳಾಗಿ ಹಂಚಿದ್ದಾರೆ, ಒಂದೊಂದಕ್ಕೂ ತನ್ನದೇ ಕೋರ್ಟು ಕಚೇರಿ. ರಾಜಪ್ರಮುಖರಾಗಿ ನಿಜಾಮರೇ ಇನ್ನೂ ಇದ್ದ ನಮ್ಮ ರಾಜ್ಯದವರಿಗೆ ಗವರ್ನರನನ್ನು ಜನ ಆರಿಸುವುದು ದೊಡ್ಡ ಸುದ್ದಿ.

ಒಬ್ಬ ವಕೀಲರು ಕೇಳಿದರು: "ವೋಟು ಎಲ್ಲರಿಗೂ ಅದೇನು?"

ಕೋಲ್ಮನ್ ಹೇಳಿದರು: "ಬರೆದ ಕಾಯಿದೆಯಲ್ಲಿ ಇದೆ. ಆದರೆ ಕಪ್ಪು ಜನ ಹೆಸರು ಬರೆಸಲು ಹೋದರೆ ಸಂವಿಧಾನ ಓದಿ ಅರ್ಥ ಹೇಳು ಅನ್ನುತ್ತಾರೆ. ಮಾಸ್ತರನಾದ ನಾನು ಓದಿ ಹೇಳಿದೆ. ನಾಪಾಸು ಅಂದರು. ನನ್ನನ್ನು ನಾಪಾಸು ಮಾಡಿದವನು ಆ ಕಾಗದವನ್ನು ತಡವರಿಸಿ ಓದುತ್ತಿದ್ದ."

ನಾನು, "ಹೌದ್ರಿ, ಎಲ್ಲರಿಗೂ ಅದ," ಎಂದೆ.

ಕೊನೆಗೆ ಜನ ಹಾಡು ಕೇಳಿದರು. ಕೋಲ್ಮನ್ ತಮ್ಮ ಚರ್ಚಿನ ಹಾಡೊಂದನ್ನು ಕೈ ತಟ್ಟುತ್ತ ಹೇಳಿದರು. ಒಂದು ಸಾಲು ಅವರು ಹೇಳುವುದು, ಉಳಿದವರು ಅದನ್ನೇ ಎತ್ತಿಕೊಳ್ಳುವುದು. ಭಜನೆಯವರಿಗೆ ಇದನ್ನು ಕಲಿಸಬೇಕಾಗಲಿಲ್ಲ. ಮಾತು ಗೊತ್ತಿಲ್ಲದೆಯೂ ತಾಳ ಹಿಡಿದರು. ನಾಲ್ಕು ದಿನಗಳಲ್ಲಿ ನನ್ನ ಕೈವಾಡವಿಲ್ಲದೆ ಜನರನ್ನು ಮುಟ್ಟಿದ್ದು ಅದೊಂದೇ ಎಂದು ಆಗ ಅಂದುಕೊಂಡೆ.

ಮರುದಿನ ಬೆಳಿಗ್ಗೆ ವಾಡಿಗೆ ಹೊರಟೆವು. ಇಳಿಹೊತ್ತಿನ ಗಾಡಿಗೆ ಅವರನ್ನು ಹತ್ತಿಸಬೇಕಿತ್ತು. ಚಿತ್ತಾಪುರ ದಾಟಿದ ಮೇಲೆ ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯಲ್ಲಿ ಕೊನೆಯ ಸಭೆ. ಊರಿನ ಹೆಸರು ಬರೆಯುವುದಿಲ್ಲ. ಅಂದಿನವರ ಮೊಮ್ಮಕ್ಕಳು ಈಗ ಅಲ್ಲಿದ್ದಾರೆ. ಆ ಊರಿಗೆ ಸರ್ಕಾರ ಹೊಸ ಬಾವಿ ತೋಡಿಸಿತ್ತು. ಶಹಾಬಾದ್ ಕಲ್ಲಿನ ಕಟ್ಟೆ, ಕಬ್ಬಿಣದ ಗಾಲಿ. ಬಾವಿ ಎಲ್ಲರದು ಎಂದು ಕಾಯಿದೆ. ಆದರೆ ಊರ ಹೊರಗಿನ ಕೇರಿಯ ಮರೆಪ್ಪ ಎಂಬವನು, ನಾವೇ ಸೇದಿಕೊಳ್ಳುತ್ತೇವೆ ಎಂದು ನಮ್ಮ ಕಚೇರಿಗೆ ಎರಡು ಸಲ ಬಂದು ಕೇಳಿದ್ದ. ಊರಿನ ಪಾಟೀಲರು ಒಪ್ಪಿರಲಿಲ್ಲ. ಇದು ನನಗೆ ಗೊತ್ತಿತ್ತು.

ನಾವು ಬಂದಾಗ ಮರೆಪ್ಪ ಬಾವಿಯ ಹತ್ತಿರವೇ ಇದ್ದ. ಕಟ್ಟೆಯಿಂದ ಆಚೆ ಬಗ್ಗಿ ಬೊಗಸೆ ಒಡ್ಡಿದ್ದ. ಪಾಟೀಲರ ಆಳು ಕಟ್ಟೆಯ ಮೇಲೆ ನಿಂತು ಕೊಡದಿಂದ ಎತ್ತರದಿಂದ ನೀರು ಬಿಡುತ್ತಿದ್ದ. ಮರೆಪ್ಪ ಕುಡಿದ, ಮೊಣಕೈಯಿಂದ ನೀರು ಸೋರಿತು, ತಲೆಯ ವಸ್ತ್ರದಿಂದ ಬಾಯಿ ಒರೆಸಿಕೊಂಡ.

ಕೋಲ್ಮನ್, "ಅದೇಕೆ ಹಾಗೆ ಕುಡಿಯುತ್ತಾನೆ?" ಎಂದು ಕೇಳಿದರು.

"ಇದು ನಮ್ಮ ಕಡೆಯ ಪದ್ಧತಿ," ಎಂದೆ. "ಬಿಸಿಲಿಗೆ ಹಾಗೆ ಕುಡಿದರೆ ತಂಪು."

"ಚೆನ್ನಾಗಿದೆ," ಎಂದರು ಅವರು.

ಸಭೆ ಪಾಟೀಲರ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ. ಊರಿನವರು ನೆರಳಲ್ಲಿ, ಮರೆಪ್ಪನ ಕೇರಿಯವರು ದೂರದ ಬಿಸಿಲಲ್ಲಿ. ನಕ್ಷೆ, ನದಿ, ಶೇಂಗಾ, ಗವರ್ನರು ಎಲ್ಲ ಮುಗಿಯಿತು. ಪಾಟೀಲರು ಕೇಳಿದ್ದು ಹತ್ತಿಯ ತಳಿಯ ಬಗ್ಗೆ. ಆಗ ಮರೆಪ್ಪ ಕುಳಿತಲ್ಲಿಂದ ಎದ್ದ.

"ಸಾಹೇಬ್ರ, ನಂದೊಂದು ಅದ."

"ನಿಂದೇನಪ್ಪಾ, ಅಮೆರಿಕಾಕ್ಕ ಹೊಂಟೀಯೇನು?" ಎಂದು ಯಾರೋ ಅಂದರು. ನಗು ಎದ್ದಿತು.

"ಕೇಳಲಿ ಬಿಡ್ರಿ," ಎಂದರು ಪಾಟೀಲರು, ಅವರೂ ನಗುತ್ತ.

ಮರೆಪ್ಪ ನಗಲಿಲ್ಲ. "ಆ ರಾಜ್ಯದಾಗ ನಮ್ಮಂಥಾ ಮಂದಿ ಅದಾರೇನ್ರಿ? ಇದ್ರ, ಅವರು ನೀರು ಎಲ್ಲಿ ಕುಡೀತಾರ? ಅದೊಂದು ಕೇಳಿ ಹೇಳ್ರಿ."

ಈ ಪ್ರಶ್ನೆಯನ್ನು ನಾನು ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಅದನ್ನೇ ನುಂಗಿಬಿಡಬಹುದಿತ್ತು. "ನಮ್ಮಂಥಾ ಮಂದಿ ಅಂದರೆ?" ಎಂದು ಕೋಲ್ಮನ್ ಕೇಳಿದಾಗ, ಊರ ಹೊರಗೆ ಇರಬೇಕಾದವರು, ಯಾರೂ ಮುಟ್ಟದವರು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದೆ. ಅವರು ಕೈಯಲ್ಲಿದ್ದ ಕೋಲನ್ನು ಜೀಪಿಗೆ ಒರಗಿಸಿಟ್ಟರು. ಮರೆಪ್ಪನನ್ನೇ ನೋಡುತ್ತ ಬಹಳ ಹೊತ್ತು ಮಾತಾಡಿದರು:

"ಇದ್ದಾರೆ. ನಿನ್ನ ಎದುರಿಗೇ ಒಬ್ಬ ನಿಂತಿದ್ದಾನೆ. ನನ್ನ ಅಜ್ಜ ಆ ಹತ್ತಿ ಹೊಲದಲ್ಲಿ ಎತ್ತಿನ ಹಾಗೆ ಮಾರಾಟವಾದವನು. ನನ್ನ ತಾಯಿ ಬಿಳಿಯರ ಮನೆಯಲ್ಲಿ ಅಡುಗೆ ಮಾಡಿದಳು. ಮುಂಬಾಗಿಲಿನಿಂದ ಒಮ್ಮೆಯೂ ಒಳಗೆ ಹೋಗಲಿಲ್ಲ. ಅವಳು ಸುಟ್ಟ ರೊಟ್ಟಿ ಅವರಿಗೆ ಬೇಕು, ಅವಳ ಜೊತೆ ಕುಳಿತು ತಿನ್ನಲಾರರು. ನಮ್ಮ ರಾಜ್ಯದ ರೈಲು ನಿಲ್ದಾಣಗಳಲ್ಲಿ ಎರಡು ನಳಗಳಿರುತ್ತವೆ. ಒಂದರ ಮೇಲೆ ಬಿಳಿಯರಿಗೆ ಎಂದು, ಇನ್ನೊಂದರ ಮೇಲೆ ಬಣ್ಣದವರಿಗೆ ಎಂದು ಬರೆದಿರುತ್ತಾರೆ. ಎರಡಕ್ಕೂ ನೀರು ಬರುವುದು ಒಂದೇ ಕೊಳವೆಯಿಂದ. ನಾನು ಎರಡನೆಯದರಲ್ಲಿ ಕುಡಿಯುತ್ತೇನೆ. ನಾವು ಕೋರ್ಟಿಗೆ ಹೋಗಿದ್ದೇವೆ. ಶಾಲೆಗಳ ವಿಷಯದಲ್ಲಿ ದೇಶದ ದೊಡ್ಡ ಕೋರ್ಟು ನಮ್ಮ ಪರವಾಗಿ ಹೇಳಿದೆ. ನಮ್ಮ ರಾಜ್ಯದ ಸರ್ಕಾರ ಇನ್ನೂ ಒಪ್ಪುತ್ತಿಲ್ಲ. ನಾವು ಬಿಟ್ಟಿಲ್ಲ. ನೀನೂ ಬಿಡಬೇಡ."

ಇಷ್ಟಾದ ಮೇಲೆ ಇನ್ನೊಂದು ಮಾತು ಹೇಳಿದರು. ಅದನ್ನು ಆಮೇಲೆ ಬರೆಯುತ್ತೇನೆ.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕೆಲಸ ಕಾಯಂ ಆಗಬೇಕೆಂಬ ಆಸೆಯಿಂದ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನಾಲ್ಕು ದಿನ ನಮ್ಮವರ ಪಡಸಾಲೆಗಳಲ್ಲಿ ಅವರ ಪಕ್ಕ ಕುಳಿತು ಒಂದೇ ಪಂಕ್ತಿಯಲ್ಲಿ ಉಂಡಿದ್ದೆ. ಅವರು ಯಾರೆಂದು ಆ ಗಿಡದ ಕೆಳಗೆ ಹೇಳಿಬಿಟ್ಟರೆ, ಉಂಡ ನಾನು ಯಾರಾಗುತ್ತೇನೆ, ಉಣಿಸಿದ ಮನೆಗಳವರು ನನ್ನನ್ನು ಎಲ್ಲಿ ನಿಲ್ಲಿಸುತ್ತಾರೆ? ನನ್ನ ತಲೆಯಲ್ಲಿ ಆಗ ಇದ್ದದ್ದು ಇದೊಂದೇ. ಬಿಸಿಲಲ್ಲಿ ನಿಂತ ಮರೆಪ್ಪ ಅದರಲ್ಲಿ ಎಲ್ಲೂ ಇರಲಿಲ್ಲ.

"ಇಲ್ಲ ಅಂತಾರ," ಎಂದೆ. "ಆ ರಾಜ್ಯದಾಗ ಅಂಥಾ ಮಂದಿ ಯಾರೂ ಇಲ್ಲ. ಎಲ್ಲರಿಗೂ ನಳದ ನೀರು ಅದ."

ಪಾಟೀಲರು, "ಕೇಳಿದಿಲ್ಲ? ಇನ್ನ ಕುಂದರು," ಎಂದರು.

ಮರೆಪ್ಪ ತಕ್ಷಣ ಕೂರಲಿಲ್ಲ. ನೆಲ ನೋಡುತ್ತ, ತನಗೇ ಹೇಳಿಕೊಂಡಂತೆ, "ಹಂಗಾದ್ರ ದೇವರು ನಮ್ಮನ್ನ ಇಲ್ಲಷ್ಟೇ ಮಾಡ್ಯಾನ," ಎಂದ. ಆಮೇಲೆ ಕುಳಿತ.

ಸಭೆ ಮುಗಿದು ಊಟಕ್ಕೆ ಎದ್ದೆವು. ಪಾಟೀಲರ ಪಡಸಾಲೆ, ಬೆಳಗಿದ ಹಿತ್ತಾಳೆಯ ತಂಬಿಗೆಯಲ್ಲಿ ನೀರು. ನಾನು ಇಲ್ಲಿಯೂ ಹೇಳಿದ್ದ ಹತ್ತಿ ಜಮೀನ್ದಾರರಿಗೆ ಪಾಟೀಲರು ತಮ್ಮ ಕೈಯಿಂದಲೇ ತಂಬಿಗೆ ನೀಡಿದರು. ಕೋಲ್ಮನ್ ಅದನ್ನು ತೆಗೆದುಕೊಳ್ಳಲಿಲ್ಲ. ನನ್ನ ಕಡೆ ನೋಡಿ ಮುಗುಳ್ನಕ್ಕು, ನಿಮ್ಮ ಪದ್ಧತಿಯಂತೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಸೂಟಿನ ತೋಳು ಮೇಲೆ ಸರಿಸಿ, ಸೊಂಟ ಬಗ್ಗಿಸಿ, ಬೊಗಸೆ ಒಡ್ಡಿದರು. ಮರೆಪ್ಪ ಒಡ್ಡಿದ್ದ ರೀತಿಯಲ್ಲೇ, ಹೆಬ್ಬೆರಳು ತುಟಿಗೆ ತಾಗುವಂತೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಪಾಟೀಲರು ತಂಬಿಗೆ ಹಿಡಿದು ನಿಂತೇ ಇದ್ದರು. "ಇದ್ಯಾಕ? ತಮ್ಮಾ, ಖರೇ ಹೇಳು. ಯಾರು ಇವರು?"

"ಹರಕಿ ಅದ್ರಿ," ಎಂದೆ. "ಊರಿಗೆ ಮುಟ್ಟೋ ತನಕ ಪಾತ್ರಿ ಬಾಯಿಗೆ ಹಚ್ಚೂದಿಲ್ಲ ಅಂತ ಹರಕಿ ಹೊತ್ತಾರ."

"ಹಂಗೇನು!" ಪಾಟೀಲರು ಉಸಿರು ಬಿಟ್ಟರು. ಆಮೇಲೆ ತಂಬಿಗೆಯನ್ನು ಎತ್ತರಕ್ಕೆ ಹಿಡಿದು ನೀರು ಬಿಟ್ಟರು. ಅಭ್ಯಾಸವಾದ ಕೈ, ಒಂದು ಹನಿಯೂ ಅವರ ಬೆರಳಿಗೆ ಸಿಡಿಯಲಿಲ್ಲ. ಕೋಲ್ಮನ್ ತೃಪ್ತಿಯಾಗುವಷ್ಟು ಕುಡಿದರು, ಮೊಣಕೈಯಿಂದ ನೀರು ಸೋರಿತು. ಅವರು ತಲೆಯೆತ್ತಿದಾಗ ನನಗೆ ಅವರ ಆಚೆ ಹೊರಬಾಗಿಲು ಕಂಡಿತು. ನಮ್ಮ ನಕ್ಷೆಯನ್ನು ಮಡಚಿ ಜೀಪಿಗೆ ಹಾಕಲು ಬಂದಿದ್ದ ಮರೆಪ್ಪ ಹೊಸ್ತಿಲಿನ ಹೊರಗೆ ನಿಂತು ಎಲ್ಲವನ್ನೂ ನೋಡಿದ್ದ.

ಜೀಪು ಹತ್ತುವಾಗ ಅವನು ನನ್ನ ಹತ್ತಿರ ಬಂದ, ಆದರೆ ಇರಬೇಕಾದಷ್ಟು ದೂರ ಬಿಟ್ಟು ನಿಂತ.

"ಸಾಹೇಬ್ರ, ನೀವು ಹೇಳಿದ್ದು ಒಂದು, ಅವರು ಕುಡದದ್ದು ಒಂದು."

ನಾನು ಕೇಳಿಸದವನಂತೆ ಹತ್ತಿ ಕುಳಿತೆ. ಕೋಲ್ಮನ್ ಅವನಿಗೆ ಕೈಯೆತ್ತಿದರು. ಅವನೂ ಎತ್ತಿದ, ಸ್ವಲ್ಪ ತಡವಾಗಿ.

ವಾಡಿ ತಲುಪಿದೆವು. ನಿಲ್ದಾಣದಲ್ಲಿ ಗಾಡಿ ತಡವೆಂದು ತಿಳಿದು ಬೆಂಚಿನ ಮೇಲೆ ಕುಳಿತೆವು. ಚಹಾದವನು ಬಂದ, ಮೂವರೂ ಕುಡಿದೆವು. ಆಗ ಅವರು ಕೇಳಿದರು:

"ನೀನು ನನ್ನ ಉತ್ತರ ಹೇಳಿದಾಗ ಆ ಮನುಷ್ಯ ನೆಲ ನೋಡಿದ. ನಮ್ಮ ಊರಲ್ಲಿ ನಾನು ಈ ಮಾತು ಹೇಳಿದಾಗ ಅವನಂಥವರು ತಲೆಯೆತ್ತುತ್ತಾರೆ. ಎಲ್ಲವನ್ನೂ ಹೇಳಿದೆಯಾ?"

"ಎಲ್ಲ ಹೇಳಿದೆ."

"ಕೊನೆಯ ಮಾತನ್ನೂ?"

"ಅದನ್ನೂ."

ಅವರು ನನ್ನ ಮುಖವನ್ನು ನೋಡಿದರು. ಬೈಯಲಿಲ್ಲ. "ಹೊರಡುವಾಗ ಅವನು ಏನೋ ಅಂದನಲ್ಲ, ಏನದು?"

"ಮತ್ತೆ ಬರ್ರಿ ಅಂದ."

"ಬರಲಾಗುವುದಿಲ್ಲ," ಎಂದರು. "ನೀನು ಇಲ್ಲೇ ಇರುತ್ತೀಯಲ್ಲ. ಯಾವಾಗಲಾದರೂ ಅವನ ಊರಿಗೆ ಹೋದರೆ ಮಾತಾಡಿಸು." ಗಾಡಿ ಬಂತು. ಕೈ ಕುಲುಕಿ ಹತ್ತಿದರು. ಕಿಟಕಿಯಲ್ಲಿ ಕುಳಿತು ಕೈಯಾಡಿಸಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಮರಳುವಾಗ ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಆ ಹಳ್ಳಿಯ ದಾರಿ ಕವಲೊಡೆಯುವಲ್ಲಿ ಖಾದರ್ ಜೀಪು ನಿಲ್ಲಿಸಿದ. ಎಂಜಿನ್ ಬಂದ್ ಮಾಡಲಿಲ್ಲ.

"ಏನಾತು?"

"ಏನಿಲ್ಲ, ಮುನ್ಶೀಜಿ. ಉಳಿದದ್ದು ಕೊಟ್ಟು ಬರ್ತೀರೇನು ಅಂತ. ನಾ ಇಲ್ಲೇ ಇರ್ತೀ​ನಿ, ಬೀಡಿ ಸೇದ್ಕೋತ."

ಅಲ್ಲಿಂದ ಹೊಸ ಬಾವಿಯ ಕಟ್ಟೆ ಕಾಣುತ್ತಿತ್ತು. ಸಂಜೆಯ ನೀರಿಗೆ ಹೆಂಗಸರು ಸೇರಿದ್ದರು, ಕೆಲವರು ಕಟ್ಟೆಯ ಮೇಲೆ, ಕೆಲವರು ಕೊಡ ಕೆಳಗಿಟ್ಟುಕೊಂಡು ದೂರದಲ್ಲಿ. ಹತ್ತು ನಿಮಿಷದ ನಡಿಗೆ ಅಷ್ಟೇ.

"ನಡಿ, ಹೊತ್ತಾಗ್ತದ," ಎಂದೆ.

ಖಾದರ್ ಗೇರು ಹಾಕಿದ. ನಾನು ಹಿಂದಿರುಗಿ ನೋಡಿದೆ. ಧೂಳು ಎದ್ದು ಮೊದಲು ದೂರ ನಿಂತವರು ಮರೆಯಾದರು, ಆಮೇಲೆ ಕಟ್ಟೆ.

ನನ್ನ ಕೆಲಸ ಕಾಯಂ ಆಯಿತು. ಮುಂದೆ ಹೈದರಾಬಾದ್ ರಾಜ್ಯವೇ ಒಡೆದು ನಾವು ಮೈಸೂರಿಗೆ ಸೇರಿದೆವು, ನನಗೆ ಬೇರೆ ಕಡೆ ವರ್ಗವಾಯಿತು. ಆ ಬಾವಿಯಲ್ಲಿ ಎಲ್ಲರೂ ಸೇದುವ ಕಾಲ ಬಂತೆಂದು ಬಹಳ ತಡವಾಗಿ ಕೇಳಿದೆ. ಅದಕ್ಕೆ ಮುಂಚೆಯೇ ಮರೆಪ್ಪ ತೀರಿಕೊಂಡಿದ್ದ. ಆ ಕವಲು ದಾರಿಯಲ್ಲಿ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಇಳಿಯಲಿಲ್ಲ.

ಮರೆಪ್ಪ, ಅಂದು ಅವರು ಕೊನೆಗೆ ಹೇಳಿದ್ದು ಇದು: "ಸಮುದ್ರ ದಾಟಿ ಇಷ್ಟು ದೂರ ಬಂದೆ. ಎಲ್ಲರೂ ನನ್ನ ರಾಜ್ಯದ ಬಗ್ಗೆ ಕೇಳಿದರು. ನನ್ನ ಬಗ್ಗೆ ಕೇಳಿದವನು ನೀನೊಬ್ಬನೇ."